ಪುಟ್ಟ ಸೂರ್ಯನೊಳಗಿನ ಕಲ್ಮಶ

1955ರ ಆಗಸ್ಟ್ ತಿಂಗಳಿನಲ್ಲಿ ಜಿನೀವಾ ನಗರದಲ್ಲಿ ಪರಮಾಣುಶಕ್ತಿಯ ಶಾಂತಿಯುತ ಬಳಕೆಯನ್ನು ಕುರಿತು ವಿಶ್ವಸಂಸ್ಥೆಯ ಮೊದಲನೆಯ ಮಹಾಸಮ್ಮೇಳನ ನೆರೆದಿತ್ತು. ಅಧ್ಯಕ್ಷಪೀಠದಲ್ಲಿದ್ದವರು ಹೋಮಿ ಭಾಭಾ. ಅದಕ್ಕೆ ಹತ್ತು ವರ್ಷಗಳ ಹಿಂದಿನವರೆಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಅಧ್ಯಯನ ನಡೆಸುತ್ತಿದ್ದವರು. ಸೂರ್ಯನ ಒಡಲಲ್ಲಿ ನಡೆಯುವ ಬೈಜಿಕ ಸಮ್ಮಿಲನವನ್ನು ಹತೋಟಿಯಲ್ಲಿಟ್ಟು ಅದರಿಂದ ಶಕ್ತಿಯನ್ನು ಪಡೆಯುವ ಉಪಾಯ ಇನ್ನು ಎರಡು ದಶಕಗಳೊಳಗೆ ಮನುಷ್ಯನಿಗೆ ಕೈವಶವಾಗುವುದೆಂದು ಅವರು ಅಲ್ಲಿ ಭವಿಷ್ಯ ನುಡಿದರು.

ಆ ಎರಡು ದಶಕಗಳು 1975ಕ್ಕೇ ಮುಗಿದುವು. ಈಗ ಏಳು ದಶಕಗಳು ಸಂದಿವೆ. ಸಮ್ಮಿಲನದ ವಿದ್ಯುತ್ತು ಇನ್ನೂ ಯಾರ ಮನೆಯ ದೀಪವನ್ನೂ ಬೆಳಗಿಲ್ಲ. ಭಾಭಾ ಅವರಂಥ ಮೇಧಾವಿಯ ಎಣಿಕೆ ತಪ್ಪಿದ್ದೇಕೆ? ಸಮ್ಮಿಲನದ ತತ್ತ್ವದಲ್ಲಿ ದೋಷವಿರಲಿಲ್ಲ. ಅದಕ್ಕೆ ಸೂರ್ಯನೇ ದಿನವೂ ಸಾಕ್ಷಿ. ಎಡರು ಬಂದುದು ಮುಖ್ಯವಾಗಿ ಎರಡು ಕಡೆಗಳಿಂದ. ಒಂದು, ಕಾಸಿದ ದ್ರವ್ಯದ ಚಂಚಲ ಸ್ವಭಾವ. ಅದು ಕಟ್ಟಿಹಾಕಿದಲ್ಲಿ ನಿಲ್ಲಲೊಲ್ಲದು. ಇನ್ನೊಂದು, ಕೇಳಿದವರಿಗೆ ತೀರ ಅಲ್ಪವೆನಿಸಬಹುದಾದ ಸಂಗತಿ, ಕೊಳೆ. ಮೊದಲನೆಯದರ ಗಣಿತ ಕಠಿಣವಾದುದು. ಎರಡನೆಯದು ನಮ್ಮ ನಿಮ್ಮ ಅಡಿಗೆಮನೆಯ ಅನುಭವಕ್ಕೆ ಸಮೀಪವಾದುದು. ಈ ಹೊತ್ತು ನಾನು ಆ ಕೊಳೆಯನ್ನು ಕುರಿತೇ ಮಾತನಾಡಬೇಕೆಂದಿದ್ದೇನೆ.

ಜಲಜನಕಕ್ಕೆ ಡ್ಯುಟೀರಿಯಮ್ ಮತ್ತು ಟ್ರಿಟಿಯಮ್ ಎಂಬ ಇಬ್ಬರು ತೂಕದ ಸೋದರರಿದ್ದಾರೆ. ಇವೆರಡರ ಬೀಜಗಳು ಬೆಸೆದುಕೊಂಡರೆ ಹೀಲಿಯಮ್ ಬೀಜವೊಂದೂ ನ್ಯೂಟ್ರಾನ್ ಒಂದೂ ಹುಟ್ಟುತ್ತವೆ. ಜೊತೆಗೆ ಅಪಾರ ಶಕ್ತಿ ಬಿಡುಗಡೆಯಾಗುತ್ತದೆ. ಆದರೆ ಎರಡು ಬೀಜಗಳಿಗೂ ಧನ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಆ ವೈರವನ್ನು ಮೀರಿ ಅವು ಸಂಧಿಸಬೇಕಾದರೆ ಭಯಂಕರ ವೇಗದಲ್ಲಿ ಓಡಾಡುತ್ತಿರಬೇಕು. ಅಂದರೆ ಸುಮಾರು 15 ಕೋಟಿ ಡಿಗ್ರಿಗಳ ಉಷ್ಣತೆ ಬೇಕು. ಸೂರ್ಯನ ಕೇಂದ್ರದಲ್ಲಿರುವುದು ಸುಮಾರು ಒಂದೂವರೆ ಕೋಟಿ ಡಿಗ್ರಿ. ಅದರ ಹತ್ತರಷ್ಟು! ಈ ಉಷ್ಣತೆಯಲ್ಲಿ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳಚಿಕೊಂಡು, ಬೀಜಗಳೂ ಎಲೆಕ್ಟ್ರಾನುಗಳೂ ಬೇರೆ ಬೇರೆಯಾಗಿ ಓಡಾಡುವ ಸ್ಥಿತಿಯೇ ಪ್ಲಾಸ್ಮಾ. ಇದನ್ನು ತುಂಬಿಡುವ ಪಾತ್ರೆ ಪ್ರಪಂಚದಲ್ಲಿಲ್ಲ. ಆದುದರಿಂದ ಬಳೆಯಾಕಾರದ ಲೋಹದ ಕೋಶವೊಂದನ್ನು ಮಾಡಿ, ಒಳಗೆ ಪ್ರಬಲವಾದ ಕಾಂತಕ್ಷೇತ್ರವನ್ನು ಹೆಣೆದು, ಆ ಕಾಣದ ಬಲೆಯಲ್ಲಿ ಪ್ಲಾಸ್ಮಾವನ್ನು ಗೋಡೆಗೆ ತಾಗದಂತೆ ತೂಗಿಬಿಡುತ್ತಾರೆ. ರಷ್ಯನ್ನರು ಕಂಡುಹಿಡಿದ ಈ ಯಂತ್ರಕ್ಕೆ ಅವರ ಭಾಷೆಯಲ್ಲೇ ಟೋಕಮಾಕ್ ಎಂದು ಹೆಸರು.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಇದನ್ನು ವಿವರಿಸಿದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: “ಬೆಂಕಿ ಗೋಡೆಗೆ ತಾಗುವುದಿಲ್ಲವೆಂದ ಮೇಲೆ ಗೋಡೆಯ ಕೊಳೆ ಬೆಂಕಿಯೊಳಕ್ಕೆ ಹೇಗೆ ಬರುತ್ತದೆ, ಸಾರ್?” ಪಠ್ಯಪುಸ್ತಕದಲ್ಲಿಲ್ಲದ, ಆದರೆ ವಿಷಯದ ನಾಭಿಗೇ ಕೈಯಿಟ್ಟ ಪ್ರಶ್ನೆ ಅದು.

ಕಾಂತಕ್ಷೇತ್ರದ ಬಲೆ ಎಷ್ಟೇ ಬಿಗಿಯಾಗಿದ್ದರೂ ಪೂರ್ತಿ ಮುಚ್ಚಿದ ಡಬ್ಬಿಯಲ್ಲ. ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಸುಳಿಗಳಿಗೆ ಸಿಕ್ಕಿ, ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ಜಾರುತ್ತವೆ. ಜಾರಿದ ಕಣ ಗೋಡೆಗೆ ಬಡಿದಾಗ ಅಲ್ಲಿಂದ ಒಂದೆರಡು ಪರಮಾಣುಗಳನ್ನು ಎಬ್ಬಿಸುತ್ತದೆ. ಮಣ್ಣಿನ ಗೋಡೆಗೆ ಮಳೆಯ ಹನಿ ಬಡಿದಾಗ ಮಣ್ಣಿನ ಕಣ ಸಿಡಿಯುವುದಿಲ್ಲವೆ, ಹಾಗೆ. ಸಿಡಿದ ಪರಮಾಣುವಿಗೆ ವಿದ್ಯುದಂಶವಿಲ್ಲ. ಆದುದರಿಂದ ಕಾಂತಕ್ಷೇತ್ರದ ಕಾವಲು ಅದನ್ನು ತಡೆಯಲಾರದು. ಅದು ನಿರಾತಂಕವಾಗಿ ಪ್ಲಾಸ್ಮಾದೊಳಕ್ಕೆ ನುಗ್ಗುತ್ತದೆ. ಒಳಗೆ ಹೋದೊಡನೆ ಎಲೆಕ್ಟ್ರಾನುಗಳನ್ನು ಕಳೆದುಕೊಂಡು ವಿದ್ಯುದಂಶ ಪಡೆದು, ಯಾವ ಬಲೆ ತನ್ನನ್ನು ತಡೆಯಲಿಲ್ಲವೋ ಅದೇ ಬಲೆಯಲ್ಲಿ ಸೆರೆಯಾಗುತ್ತದೆ. ಬರುವುದು ಸುಲಭ, ಹೋಗುವುದು ಕಷ್ಟ. ಭಾರವಾದ ಪರಮಾಣುಗಳಿಗಂತೂ ಎಷ್ಟೋ ಸಂದರ್ಭಗಳಲ್ಲಿ ಅಂಚಿನಿಂದ ನಡುವಿಗೇ ಸರಿಯುವ ಪ್ರವೃತ್ತಿ. ಇದಲ್ಲದೆ ಲೋಹದ ಮೈಯಲ್ಲಿ ಹೀರಿಕೊಂಡಿರುವ ನೀರಿನ ಆವಿ, ಆಮ್ಲಜನಕ, ಇಂಗಾಲಗಳೂ ಬಿಸಿಗೆ ಹೊರಬರುತ್ತವೆ.

ಇಷ್ಟು ಅಲ್ಪ ವಸ್ತು ಮಾಡುವ ಕೇಡಾದರೂ ಏನು? ಇದನ್ನು ತಿಳಿಯಲು ಮೊದಲು ಪ್ಲಾಸ್ಮಾದ ಪ್ರಮಾಣವನ್ನು ನೆನೆಯಬೇಕು. ಫ್ರಾನ್ಸಿನ ಕಾದರಾಶ್‌ನಲ್ಲಿ ಕಟ್ಟುತ್ತಿರುವ ಈಟರ್ ಎಂಬ ಮಹಾಯಂತ್ರದ ಪ್ಲಾಸ್ಮಾದ ಗಾತ್ರ 800 ಘನಮೀಟರುಗಳಿಗೂ ಹೆಚ್ಚು. ದೊಡ್ಡದೊಂದು ಕಲ್ಯಾಣಮಂಟಪದ ಒಳಹರವಿನಷ್ಟು. ಆದರೆ ಅಷ್ಟು ಜಾಗದಲ್ಲಿ ತೇಲುವ ಇಂಧನದ ತೂಕ ಒಂದು ಗ್ರಾಮಿಗೂ ಕಡಿಮೆ. ನಾವು ಉಸಿರಾಡುವ ಗಾಳಿಗಿಂತ ಲಕ್ಷ ಪಾಲಿಗೂ ಮಿಗಿಲಾಗಿ ವಿರಳವಾದ ಇಂಥ ದ್ರವ್ಯಕ್ಕೆ ಚಿಟಿಕೆಯ ಸಾವಿರದ ಒಂದು ಭಾಗವೂ ದೊಡ್ಡ ಕಲಬೆರಕೆಯೇ.

ಕಲ್ಮಶ ಮೂರು ಬಗೆಯಲ್ಲಿ ಪೀಡಿಸುತ್ತದೆ. ಮೊದಲನೆಯದು ಬೆಳಕಿನ ಮೂಲಕ. ಜಲಜನಕಕ್ಕೆ ಇರುವುದು ಒಂದೇ ಎಲೆಕ್ಟ್ರಾನು. ಅದು ಕಳಚಿಹೋದ ಮೇಲೆ ಬರಿಯ ಬೀಜವು ಹೆಚ್ಚು ಬೆಳಕು ಸೂಸಲಾರದು. ಪಡೆದ ಶಾಖವನ್ನು ಬಹುಮಟ್ಟಿಗೆ ಕಾಪಾಡಿಕೊಳ್ಳುತ್ತದೆ. ಭಾರಲೋಹದ ಪರಮಾಣುವಿನ ಕಥೆ ಬೇರೆ. ಟಂಗ್‌ಸ್ಟನ್ ಲೋಹಕ್ಕೆ 74 ಎಲೆಕ್ಟ್ರಾನುಗಳು. ಹದಿನೈದು ಕೋಟಿ ಡಿಗ್ರಿಯಲ್ಲೂ ಅವೆಲ್ಲ ಕಳಚುವುದಿಲ್ಲ. ಉಳಿದವು ಪ್ರತಿಯೊಂದು ಡಿಕ್ಕಿಗೂ ಮೇಲಕ್ಕೆ ಚಿಮ್ಮಿ, ಕೆಳಕ್ಕೆ ಬಿದ್ದು, ಪ್ರತಿ ಸಲವೂ ಒಂದು ಕಿರಣವನ್ನು ಹೊರಕ್ಕೆಸೆಯುತ್ತವೆ. ಕಾಂತಕ್ಷೇತ್ರ ಕಣಗಳನ್ನು ಹಿಡಿದಿಡಬಲ್ಲದು, ಬೆಳಕನ್ನು ಹಿಡಿಯಲಾರದು. ಶಾಖವು ಬೆಳಕಾಗಿ ನೇರ ಗೋಡೆಗೆ ಓಡಿಹೋಗುತ್ತದೆ. ತಳದಲ್ಲಿ ತೂತಿರುವ ಕೊಡಕ್ಕೆ ನೀರು ಸೇದಿದ ಹಾಗೆ. ಹತ್ತು ಸಾವಿರ ಇಂಧನ ಕಣಗಳ ನಡುವೆ ಟಂಗ್‌ಸ್ಟನ್ನಿನ ಎರಡು ಮೂರು ಪರಮಾಣುಗಳು ಸೇರಿದರೂ ಸಾಕು, ಬೆಂಕಿ ತನ್ನಷ್ಟಕ್ಕೆ ತಾನು ಹತ್ತಿ ಉರಿಯಲಾರದು.

ಎರಡನೆಯದು ಜಾಗದ ಆಕ್ರಮಣ. ಕಾಂತಕ್ಷೇತ್ರ ತಡೆಯಬಲ್ಲ ಒತ್ತಡಕ್ಕೆ ಒಂದು ಮಿತಿಯುಂಟು. ಇಂಗಾಲದ ಪರಮಾಣುವೊಂದು ಒಳಗೆ ಬಂದು ತನ್ನ ಆರು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟರೆ ಆರು ಇಂಧನ ಕಣಗಳ ಸ್ಥಾನ ಹೋದಂತೆ. ಊಟಕ್ಕೆ ಕುಳಿತ ಪಂಕ್ತಿಯಲ್ಲಿ ಒಬ್ಬನೇ ಆರು ಎಲೆಗಳನ್ನು ಹಿಡಿದು ಕುಳಿತ ಹಾಗಾಯಿತು. ಮೂರನೆಯದು ಅಂಚು ತಣ್ಣಗಾಗುವ ಅಪಾಯ. ಕಲ್ಮಶದಿಂದ ಅಂಚು ಅತಿಯಾಗಿ ತಣಿದರೆ ಪ್ಲಾಸ್ಮಾದಲ್ಲಿ ಹರಿಯುವ ವಿದ್ಯುತ್ಪ್ರವಾಹ ನಡುವಿಗೆ ಕುಗ್ಗಿ, ಸ್ಥಿರತೆ ಕೆಟ್ಟು, ಸೆಕೆಂಡಿನ ಸಾವಿರಾರಲ್ಲಿ ಕೆಲವು ಪಾಲಿನಷ್ಟು ಕಾಲದಲ್ಲಿ ಇಡೀ ಪ್ಲಾಸ್ಮಾ ಕುಸಿಯುತ್ತದೆ. ಆಗ ಅದರಲ್ಲಿದ್ದ ಶಕ್ತಿಯೆಲ್ಲ ಯಂತ್ರದ ಮೇಲೇ ತಿರುಗಿಬೀಳುತ್ತದೆ.

ತುಮಕೂರಿನಲ್ಲಿ ನಾನು ವಾಸವಾಗಿರುವ ಬಡಾವಣೆಗೆ ಉಪ್ಪಾರಹಳ್ಳಿ ಎಂದು ಹೆಸರು. ಇಂದು ಅಲ್ಲಿ ಉಪ್ಪು ಮಾಡುವವರು ಯಾರೂ ಇಲ್ಲ. ಮನೆಗಳು, ಅಂಗಡಿಗಳು, ವಾಹನಗಳ ಸಂದಣಿ. ಆದರೆ ಹೆಸರು ಒಂದು ಕಸಬಿನ ನೆನಪನ್ನು ಉಳಿಸಿಕೊಂಡಿದೆ. ಸಮುದ್ರದಿಂದ ದೂರವಾದ ಈ ಬಯಲುಸೀಮೆಯಲ್ಲಿ ಉಪ್ಪಾರರು ಚೌಳು ಮಣ್ಣನ್ನು ಗೋರಿ ತಂದು, ನೀರಿನಲ್ಲಿ ಕದಡಿ, ಸೋಸಿ, ತಿಳಿಯನ್ನು ಬತ್ತಿಸಿ ಉಪ್ಪು ತೆಗೆಯುತ್ತಿದ್ದರು. ಬೇಕಾದುದನ್ನು ಬೇಡವಾದುದರಿಂದ ಬೇರ್ಪಡಿಸುವುದೇ ಅವರ ವಿದ್ಯೆ. ಮಣ್ಣಿನಲ್ಲಿ ಬೆರೆತ ಉಪ್ಪು ಬೆಳೆಗೆ ಕೇಡು. ಅದೇ ಉಪ್ಪು ಅನ್ನಕ್ಕೆ ರುಚಿ. ಹಾಗಾದರೆ ಕಲ್ಮಶವೆಂಬುದು ವಸ್ತುವಿನ ಗುಣವೋ, ಅದು ಇರುವ ಎಡೆಯ ಗುಣವೋ? ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಚರಿತ್ರೆಯನ್ನು ಕೇಳಬೇಕು.

1970ರ ದಶಕದಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನ ದೊಡ್ಡ ಟೋಕಮಾಕಿನಲ್ಲಿ ಪ್ಲಾಸ್ಮಾದ ಅಂಚನ್ನು ತಡೆದು ನಿಲ್ಲಿಸಲು ಟಂಗ್‌ಸ್ಟನ್ನಿನ ತಡೆಗಳನ್ನಿಟ್ಟಿದ್ದರು. ಅದು ತರ್ಕಬದ್ಧವಾದ ಆಯ್ಕೆಯೇ. 3,400 ಡಿಗ್ರಿಯವರೆಗೂ ಕರಗದ ಲೋಹ. ಹಳೆಯ ವಿದ್ಯುದ್ದೀಪದ ಬುರುಡೆಯಲ್ಲಿ ಉರಿಯುತ್ತಿದ್ದ ಎಳೆ ಇದೇ. ನಮ್ಮ ಕೋಲಾರದ ಚಿನ್ನದ ಗಣಿಗಳ ಅದಿರಿನಲ್ಲೂ ಇದರ ಖನಿಜದ ಬೆರಕೆಯುಂಟು. ಆದರೆ ಆ ಪ್ರಯೋಗಗಳಲ್ಲಿ ವಿಚಿತ್ರವೊಂದು ಕಂಡಿತು. ಎಲ್ಲಕ್ಕಿಂತ ಬಿಸಿಯಾಗಿರಬೇಕಾದ ಪ್ಲಾಸ್ಮಾದ ನಡುಭಾಗ ಸುತ್ತಲಿನ ಭಾಗಕ್ಕಿಂತ ತಣ್ಣಗಿತ್ತು! ಟಂಗ್‌ಸ್ಟನ್ ನಡುವಿಗೆ ಸರಿದು, ಶಾಖವನ್ನೆಲ್ಲ ಬೆಳಕಾಗಿ ಸುರಿದುಬಿಡುತ್ತಿತ್ತು. ಅದನ್ನು ತೆಗೆದು ಗ್ರಾಫೈಟ್ ಇಟ್ಟರು. 1978ರ ಬೇಸಗೆಯಲ್ಲಿ ಅದೇ ಯಂತ್ರ 6 ಕೋಟಿ ಡಿಗ್ರಿಗಳನ್ನು ಮುಟ್ಟಿ ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಅಲ್ಲಿಂದ ಇಂಗಾಲದ ಯುಗ. ಇಂಗಾಲ ಹಗುರ, ಪ್ಲಾಸ್ಮಾದ ನಡುವಿನಲ್ಲಿ ಅದರ ಆರು ಎಲೆಕ್ಟ್ರಾನುಗಳೂ ಕಳಚಿಹೋಗುವುದರಿಂದ ಬೆಳಕಿನ ಸೋರಿಕೆ ಕಡಿಮೆ. ಆದರೆ ಅದಕ್ಕೆ ಇನ್ನೊಂದು ದುರ್ಗುಣ. ಜಲಜನಕದೊಡನೆ ಬಹು ಬೇಗ ಸ್ನೇಹ ಬೆಳೆಸಿ, ಸವೆದು, ಬೇರೆ ಕಡೆ ಹೋಗಿ ಪದರವಾಗಿ ಕೂರುತ್ತದೆ. ಕೂರುವಾಗ ಅಮೂಲ್ಯವೂ ವಿಕಿರಣಶೀಲವೂ ಆದ ಟ್ರಿಟಿಯಮ್ಮನ್ನು ತನ್ನಲ್ಲಿ ಹುದುಗಿಸಿಕೊಳ್ಳುತ್ತದೆ. ಇಂಧನವನ್ನೇ ನುಂಗುವ ಒಲೆಯನ್ನು ಕಟ್ಟಿಕೊಂಡು ಸಂಸಾರ ನಡೆಯುವುದೆಂತು? ಆದುದರಿಂದ ಇಂಗ್ಲೆಂಡಿನ ಜೆಟ್ ಎಂಬ ಯಂತ್ರ ತನ್ನ ಇಂಗಾಲದ ಗೋಡೆಯನ್ನು ಕಿತ್ತುಹಾಕಿ ಬೆರಿಲಿಯಮ್ ಮತ್ತು ಟಂಗ್‌ಸ್ಟನ್ನಿನ ಗೋಡೆಯನ್ನು ತೊಡಿಸಿಕೊಂಡು 2011ರಲ್ಲಿ ಮತ್ತೆ ಕೆಲಸಕ್ಕೆ ತೊಡಗಿತು. 2023ರಲ್ಲಿ, ಮುಚ್ಚುವುದಕ್ಕೆ ಕೆಲವೇ ವಾರಗಳ ಮುಂಚೆ, ಒಂದೇ ಪ್ರಯೋಗದಲ್ಲಿ ಮಿಲಿಗ್ರಾಮಿನ ಐದನೆಯ ಒಂದು ಭಾಗದಷ್ಟು ಇಂಧನದಿಂದ 69 ಮೆಗಾಜೂಲುಗಳ ಶಕ್ತಿಯನ್ನು ಹೊರತೆಗೆಯಿತು. ಕಾಸಲು ಕೊಟ್ಟ ಶಕ್ತಿ ಅದಕ್ಕಿಂತ ಹೆಚ್ಚೇ. ಆದರೂ ಒಮ್ಮೆ ಹೊರದೂಡಿದ ಟಂಗ್‌ಸ್ಟನ್ನಿನೊಡನೆ ಬಾಳುವುದು ಸಾಧ್ಯವೆಂಬುದು ಸಿದ್ಧವಾಯಿತು. ಈಟರ್ ಯಂತ್ರದ ಒಳಗೋಡೆಗೆ ಬೆರಿಲಿಯಮ್ಮಿನ ಬದಲು ಟಂಗ್‌ಸ್ಟನ್ನನ್ನೇ ಹೊದಿಸುವ ಹೊಸ ಯೋಜನೆ 2024ರಲ್ಲಿ ಪ್ರಕಟವಾಯಿತು. ಫ್ರಾನ್ಸಿನ ವೆಸ್ಟ್ ಎಂಬ ಟೋಕಮಾಕ್ 2025ರ ಫೆಬ್ರವರಿ 12ರಂದು ಟಂಗ್‌ಸ್ಟನ್ ಗೋಡೆಗಳ ನಡುವೆಯೇ 1,337 ಸೆಕೆಂಡುಗಳ ಕಾಲ, ಎಂದರೆ 22 ನಿಮಿಷಕ್ಕೂ ಹೆಚ್ಚು, ಪ್ಲಾಸ್ಮಾವನ್ನು ನಿಲ್ಲಿಸಿಕೊಂಡಿತು.

ಇದು ಸಾಧ್ಯವಾದುದು ಹೇಗೆ? ಒಂದು ಮದ್ದಿನಿಂದಲ್ಲ, ಹಲವು ಎಚ್ಚರಗಳಿಂದ. ನಮ್ಮ ದೇಶದ ಉದಾಹರಣೆಯನ್ನೇ ಹೇಳುತ್ತೇನೆ. ಗುಜರಾತಿನ ಗಾಂಧಿನಗರದ ಬಳಿಯಿರುವ ಪ್ಲಾಸ್ಮಾ ಸಂಶೋಧನ ಸಂಸ್ಥೆಯಲ್ಲಿ 1989ರಲ್ಲಿ ‘ಆದಿತ್ಯ’ ಎಂಬ ಟೋಕಮಾಕ್ ಮೊದಲ ಉಸಿರೆಳೆಯಿತು. ಅದರ ಪ್ರಯೋಗ ಉಳಿಯುತ್ತಿದ್ದುದು ಸೆಕೆಂಡಿನ ಒಂದು ಭಾಗ ಮಾತ್ರ. ಆದರೆ ಆ ಕ್ಷಣಕ್ಕಾಗಿ ಗಂಟೆಗಟ್ಟಲೆ ಕೋಶವನ್ನು ತೊಳೆಯಬೇಕು. ತೊಳೆಯುವುದು ನೀರಿನಿಂದಲ್ಲ. ಗಾಳಿಯನ್ನೆಲ್ಲ ಹೀರಿ ತೆಗೆದು, ತೆಳುವಾದ ಜಲಜನಕದಲ್ಲಿ ಮಂದ ವಿದ್ಯುದ್ವಿಸರ್ಜನೆ ಹೊತ್ತಿಸಿ, ಅದರ ಕಣಗಳಿಂದ ಗೋಡೆಯ ಮೈಗಂಟಿದ ಆಮ್ಲಜನಕ, ಇಂಗಾಲ, ನೀರಿನಂಶಗಳನ್ನು ಕೆರೆದು ಹೊರಹಾಕುತ್ತಾರೆ. ಗೋಡೆಗೆ ಲಿಥಿಯಮ್ಮಿನ ತೆಳು ಲೇಪ ಕೊಟ್ಟ ಪ್ರಯೋಗಗಳೂ ಅಲ್ಲಿ ನಡೆದಿವೆ. ಸುಣ್ಣ ಬಳಿದು ಮನೆ ಶುಚಿಮಾಡಿದ ಹಾಗೆ ಎನ್ನಬಹುದು.

ಇನ್ನೊಂದು ಉಪಾಯ ಯಂತ್ರದ ರಚನೆಯಲ್ಲೇ ಅಡಗಿದೆ. ಅಂಚಿನ ಕಾಂತರೇಖೆಗಳನ್ನು ಬಾಗಿಸಿ, ಜಾರಿದ ಕಣಗಳನ್ನು ಪ್ಲಾಸ್ಮಾದಿಂದ ದೂರದ ಒಂದು ಮೂಲೆಗೆ ಒಯ್ದು, ಅಲ್ಲಿ ತಣಿಸಿ ಹೀರಿ ತೆಗೆಯುವುದು. ಇದಕ್ಕೆ ಡೈವರ್ಟರ್ ಎಂದು ಹೆಸರು. ನಮ್ಮ ಮಾತಿನಲ್ಲಿ ಬಚ್ಚಲು ಎಂದರೂ ಅಡ್ಡಿಯಿಲ್ಲ. ಇದರ ಕಲ್ಪನೆಯನ್ನು 1951ರಷ್ಟು ಹಿಂದೆಯೇ ಕೊಟ್ಟವರು ಅಮೆರಿಕದ ಲೈಮನ್ ಸ್ಪಿಟ್ಜರ್. 1982ರಲ್ಲಿ ಜರ್ಮನಿಯ ಗಾರ್ಖಿಂಗಿನಲ್ಲಿ ಫ್ರಿಟ್ಸ್ ವಾಗ್ನರ್ ಮತ್ತು ಸಂಗಡಿಗರು ಡೈವರ್ಟರ್ ಇದ್ದ ಯಂತ್ರದಲ್ಲಿ ಪ್ಲಾಸ್ಮಾ ಇದ್ದಕ್ಕಿದ್ದಂತೆ ಇಮ್ಮಡಿ ಚೆನ್ನಾಗಿ ಶಾಖ ಹಿಡಿಯುವುದನ್ನು ಕಂಡು ಬೆರಗಾದರು. ನಮ್ಮ ಆದಿತ್ಯವನ್ನೂ ಡೈವರ್ಟರಿಗೆ ಅನುವಾಗುವಂತೆ ಬಿಚ್ಚಿ ಕಟ್ಟಿದರು. 2016ರ ಡಿಸೆಂಬರಿನಲ್ಲಿ ಅದು ಹೊಸ ರೂಪದಿಂದ ಕೆಲಸ ಆರಂಭಿಸಿತು.

ಆದರೆ ಬಚ್ಚಲಿಗೂ ಕಷ್ಟವಿದೆ. ಶಾಖವೆಲ್ಲ ಅಲ್ಲಿಗೇ ಹರಿದುಬರುತ್ತದೆ. ನಮ್ಮ ಜಿಲ್ಲೆಯ ಪಾವಗಡದಲ್ಲಿ ಸಾವಿರಾರು ಎಕರೆಗಳಲ್ಲಿ ಹರಡಿರುವ 2,050 ಮೆಗಾವಾಟಿನ ಸೌರ ಉದ್ಯಾನವನ್ನು ಹಲವರು ಕಂಡಿರಬಹುದು. ಉರಿಬಿಸಿಲಿನ ಮಧ್ಯಾಹ್ನ ಅಲ್ಲಿನ ಒಂದು ಚದರ ಮೀಟರಿನ ಮೇಲೆ ಬೀಳುವುದು ಸುಮಾರು ಒಂದು ಕಿಲೋವಾಟ್. ಈಟರಿನ ಡೈವರ್ಟರಿನ ಪ್ರತಿ ಚದರ ಮೀಟರ್ ತಾಳಿಕೊಳ್ಳಬೇಕಾದುದು ಹತ್ತು ಮೆಗಾವಾಟ್. ಪಾವಗಡದ ಹತ್ತು ಸಾವಿರ ಸೂರ್ಯರು ಒಂದೇ ಚಪ್ಪಡಿಯ ಮೇಲೆ! ಇದನ್ನು ತಣಿಸಲು ವಿಜ್ಞಾನಿಗಳು ಮಾಡುವುದೇನು? ಬೇಕೆಂದೇ ಕಲ್ಮಶವನ್ನು ಸೇರಿಸುತ್ತಾರೆ. ನಿಯಾನ್, ಸಾರಜನಕ, ಆರ್ಗಾನ್ ಅನಿಲಗಳನ್ನು ಅಂಚಿನಲ್ಲಿ ಹದವಾಗಿ ಊದುತ್ತಾರೆ. ಒಂದೇ ಕಡೆ ಬೀಳಬೇಕಾದ ಶಾಖವನ್ನು ಅವು ಬೆಳಕಾಗಿ ಮಾಡಿ ಸುತ್ತಲೂ ಚೆಲ್ಲುತ್ತವೆ. ಯಾವ ಗುಣದಿಂದ ಕಲ್ಮಶ ನಡುವಿನ ಉರಿಯನ್ನು ಕೊಲ್ಲುತ್ತದೆಯೋ ಅದೇ ಗುಣದಿಂದ ಅಂಚಿನ ಗೋಡೆಯನ್ನು ಉಳಿಸುತ್ತದೆ. ಪ್ಲಾಸ್ಮಾ ಕುಸಿಯುವ ಸೂಚನೆ ಕಂಡರೆ ನಿಯಾನ್ ಬೆರೆತ ಹಿಮದ ಗುಂಡನ್ನು ಚೂರಾಗಿಸಿ ಒಳಕ್ಕೆ ಹಾರಿಸಿ ಶಕ್ತಿಯನ್ನು ಹಂಚಿಬಿಡುವ ಏರ್ಪಾಟೂ ಈಟರಿನಲ್ಲಿದೆ. ಅಂಚಿನಲ್ಲಿ ಕಾವಲುಗಾರ, ನಡುವಿನಲ್ಲಿ ಕೊಲೆಗಾರ. ಚೌಳು ನೆಲದ ಉಪ್ಪಿನ ಪ್ರಶ್ನೆಗೆ ಯಂತ್ರ ಕೊಡುವ ಉತ್ತರ ಇದು.

ಕಲ್ಮಶ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಅದು ಸುದ್ದಿ ಹೇಳುತ್ತದೆ. 1869ರ ಗ್ರಹಣದಲ್ಲಿ ಸೂರ್ಯನ ಕರೋನದಲ್ಲಿ ಹಸಿರು ರೋಹಿತರೇಖೆಯೊಂದು ಕಂಡಿತ್ತು. ಯಾವ ಧಾತುವಿಗೂ ಹೊಂದದ ಅದನ್ನು ಹೊಸ ಧಾತುವೆಂದೇ ಬಗೆದಿದ್ದರು. ಏಳು ದಶಕಗಳ ಅನಂತರ ಗ್ರೋಟ್ರಿಯನ್, ಎಡ್ಲೆನ್ ಎಂಬ ವಿಜ್ಞಾನಿಗಳ ಕೆಲಸದಿಂದ ತಿಳಿಯಿತು, ಅದು ನಮ್ಮ ಪರಿಚಯದ ಕಬ್ಬಿಣವೇ. ಹದಿಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣ. ಹಾಗೆ ಕಳೆದುಕೊಳ್ಳಬೇಕಾದರೆ ಕರೋನದ ಉಷ್ಣತೆ ಹತ್ತು ಲಕ್ಷ ಡಿಗ್ರಿಗೂ ಮಿಕ್ಕಿರಬೇಕು. ಜಲಜನಕದ ಸಾಗರದಲ್ಲಿ ಬೆರೆತ ಚಿಟಿಕೆ ಕಬ್ಬಿಣ ಆ ಸಾಗರದ ಜ್ವರವನ್ನು ಅಳೆದುಕೊಟ್ಟಿತು. 1980ರ ಫೆಬ್ರವರಿ 16ರ ಪೂರ್ಣಗ್ರಹಣ ಕಾರವಾರದ ಕಡೆಯಿಂದ ನಮ್ಮ ನಾಡನ್ನು ಹೊಕ್ಕು ರಾಯಚೂರಿನ ಕಡೆಗೆ ಸಾಗಿದಾಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರದಲ್ಲಿ ಬೀಡುಬಿಟ್ಟು ಕರೋನವನ್ನು ಪರೀಕ್ಷಿಸಿದರು. ಅದೇ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಸಿದ್ಧಪಡಿಸಿದ ಉಪಕರಣ, 2023ರ ಸೆಪ್ಟೆಂಬರ್ 2ರಂದು ಹಾರಿದ ಇನ್ನೊಂದು ‘ಆದಿತ್ಯ’ ನೌಕೆಯ ಮೇಲೆ ಕುಳಿತು, ಗ್ರಹಣಕ್ಕೆ ಕಾಯದೆ ಕಬ್ಬಿಣದ ಆ ರೇಖೆಗಳನ್ನು ನೋಡುವುದಕ್ಕಾಗಿಯೇ ಹೋಗಿದೆ. ಟೋಕಮಾಕಿನಲ್ಲೂ ಹೀಗೆಯೇ. ಒಳಗೆ ಯಾವ ಉಷ್ಣಮಾಪಕವನ್ನೂ ಇಳಿಬಿಡಲಾಗದು. ಕಲ್ಮಶಗಳು ಸೂಸುವ ಬೆಳಕನ್ನೇ ಓದಿ ಒಳಗಿನ ಬಿಸಿಯನ್ನೂ ಓಟವನ್ನೂ ತಿಳಿಯುತ್ತಾರೆ.

ಕಡೆಯ ಮಾತೊಂದಿದೆ. ಗೋಡೆಯಿಂದ ಏನೂ ಸಿಡಿಯದಂತೆ ಮಾಡಿದೆವೆಂದೇ ಇಟ್ಟುಕೊಳ್ಳೋಣ. ಆಗಲೂ ಸಮ್ಮಿಲನದಿಂದ ಹುಟ್ಟಿದ ಹೀಲಿಯಮ್ ಒಳಗೇ ಉಳಿಯುತ್ತದೆ. ಮೊದಲು ಅದು ತನ್ನ ವೇಗವನ್ನು ಹಂಚಿ ಬೆಂಕಿಯನ್ನು ಕಾಯಿಸುತ್ತದೆ. ಆಮೇಲೆ ಬೂದಿಯಾಗಿ ಇಂಧನದ ಜಾಗವನ್ನು ಆಕ್ರಮಿಸುತ್ತದೆ. ಅದನ್ನು ಬಳಿದು ತೆಗೆಯದಿದ್ದರೆ ಉರಿ ತನ್ನ ಫಲದಿಂದಲೇ ನಂದುತ್ತದೆ. ಶುದ್ಧಿ ಎಂಬ ಮಾತನ್ನು ನಮ್ಮ ಸಮಾಜ ಬಹುಕಾಲ ಹೊರಗಿನವರನ್ನು ದೂರವಿಡುವುದಕ್ಕೆ ಬಳಸಿಕೊಂಡು ಬಂದಿದೆ. ಈ ಯಂತ್ರದಲ್ಲಿ ಕಲ್ಮಶ ಬರುವುದು ತನ್ನದೇ ಗೋಡೆಯಿಂದ, ತನ್ನದೇ ಉರಿಯಿಂದ. ಇಲ್ಲಿ ಶುದ್ಧಿಯೆಂದರೆ ಒಮ್ಮೆ ಸಾಧಿಸಿ ಕುಳಿತುಕೊಳ್ಳುವ ಸ್ಥಿತಿಯಲ್ಲ, ಬಿಡದೆ ನಡೆಸಬೇಕಾದ ಕೆಲಸ.

ಈಟರ್ ಯಂತ್ರದಲ್ಲಿ ಡ್ಯುಟೀರಿಯಮ್ ಮತ್ತು ಟ್ರಿಟಿಯಮ್‌ಗಳನ್ನು ಬೆರೆಸಿ ಉರಿಸುವ ಕಾಲವನ್ನು ಈಗಿನ ಯೋಜನೆ 2039ಕ್ಕೆ ಗೊತ್ತುಮಾಡಿದೆ. ಭಾರತವೂ ಅದರ ಏಳು ಪಾಲುದಾರರಲ್ಲಿ ಒಂದು. ಈಗ ಪ್ರೌಢಶಾಲೆಯಲ್ಲಿರುವ ಮಕ್ಕಳು ಆಗ ಆ ಕೆಲಸಕ್ಕೆ ಕೈಹಾಕುವ ವಯಸ್ಸಿನವರಾಗಿರುತ್ತಾರೆ. ಭಾಭಾ ಅವರು ಹೇಳಿದ ವರ್ಷ ತಪ್ಪಿತು. ತೋರಿದ ದಿಕ್ಕು ತಪ್ಪಲಿಲ್ಲ. ನಡುವಿನ ದೂರವನ್ನು ಈ ಮಕ್ಕಳು ಕ್ರಮಿಸಬೇಕಾದರೆ ದೊಡ್ಡ ಸಿದ್ಧಾಂತಗಳ ಜೊತೆಗೆ, ಗೋಡೆ ತೊಳೆಯುವ, ಬೂದಿ ತೆಗೆಯುವ, ಚಿಟಿಕೆಯನ್ನು ಅಳೆಯುವ ಕೆಲಸವೂ ವಿಜ್ಞಾನವೇ ಎಂದು ನಾವು ಅವರಿಗೆ ಹೇಳಿಕೊಡಬೇಕು.